ಗೋಡೆಗೆ ನೀರು ಕುಡಿಸಿದವಳು

ನಮ್ಮ ಮನೆಯಲ್ಲಿ ತೇವ ಎಂಬ ಮಾತನ್ನು ದನಿ ತಗ್ಗಿಸಿಯೇ ಆಡುತ್ತಿದ್ದರು, ಬೇರೆ ಮನೆಗಳಲ್ಲಿ ದೊಡ್ಡ ಕಾಯಿಲೆಯ ಹೆಸರು ಹೇಳುವ ಹಾಗೆ. ನನ್ನ ಮಾವ ಬಣ್ಣದ ಮೇಸ್ತ್ರಿ. ಗೋಡೆ ಬಳಿಯುವುದರಲ್ಲಿ ಎತ್ತಿದ ಕೈ. ಅವರು ಬಳಿದ ಗೋಡೆಯಲ್ಲಿ ಬ್ರಷ್ಷಿನ ಗುರುತು ಹುಡುಕಲು ಹೋದವರಿಗೆ ಕಣ್ಣು ನೋವು ಬಂದದ್ದಷ್ಟೇ ಲಾಭ. ಜಗಳಕ್ಕೆ ಬಂದವರಿಗೂ ಕುರ್ಚಿ ಹಾಕಿ ಕೂರಿಸುವ ಸ್ವಭಾವ ಅವರದು, ಹಾಗಾಗಿ ಮನುಷ್ಯರಲ್ಲಿ ಶತ್ರುಗಳೇ ಇರಲಿಲ್ಲ. ಇದ್ದ ಒಬ್ಬನೇ ಶತ್ರು ತೇವ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಬುಡ ನೋಡುವರು, ಆಮೇಲೆ ಮನೆಯವರ ಮುಖ. ಒಮ್ಮೆ ಹಾಸಿಗೆ ಹಿಡಿದ ನೆಂಟರೊಬ್ಬರನ್ನು ನೋಡಿಕೊಂಡು ಬಂದರು. ರೋಗಿ ಹೇಗಿದ್ದಾರೆ ಎಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ, ಮಂಚದ ಹಿಂದಿನ ಗೋಡೆ ಹೇಗಿದೆ ಎಂಬುದನ್ನು ಮಾತ್ರ ಅರ್ಧ ಗಂಟೆ ವಿವರಿಸಿದರು.

ಇಂಥವರ ಹೊಟ್ಟೆಯಲ್ಲಿ ಹುಟ್ಟಿ ತೇವಕ್ಕೇ ಮನಸ್ಸು ಕೊಟ್ಟವಳು ನನ್ನ ನಾದಿನಿ. ಅವಳನ್ನು ಎಲ್ಲರೂ ಮರಿ ಎನ್ನುತ್ತೇವೆ. ಈಗ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದೆ, ದೂರದ ಊರುಗಳವರು ಕರೆಸಿ ಅವಳ ಕೆಲಸವನ್ನು ಜನರಿಗೆ ತೋರಿಸುತ್ತಾರೆ, ದಪ್ಪ ಕನ್ನಡಕದವರು ಅವಳ ಬಗ್ಗೆ ನನಗೆ ಅರ್ಥವಾಗದ ಮಾತುಗಳಲ್ಲಿ ಬರೆಯುತ್ತಾರೆ. ಆದರೂ ಮನೆಯ ಹೊಸ್ತಿಲು ದಾಟಿದಳೆಂದರೆ ಮರಿಯೇ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಎರಡು ಜಡೆಯ ಶಾಲೆಯ ಹುಡುಗಿ. ಅತ್ತೆ ತೀರಿಹೋಗಿದ್ದರು. ಜಡೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು, ಅದರ ಜೊತೆಗೆ ಅವಳೂ ಬಂದಳು.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳಿಗೇನು ಗೊತ್ತು ಬಣ್ಣದ ವಿಚಾರ ಎಂದು ನೀವು ಮೂಗು ಮುರಿಯಬಹುದು. ಮನೆಯ ಕೆಳಗೆ ನಮ್ಮದೇ ಬಣ್ಣದ ಅಂಗಡಿ. ಮಾವ ಮತ್ತು ನಮ್ಮನೆಯವರು ಏಣಿ ಹೊತ್ತುಕೊಂಡು ಕೆಲಸಕ್ಕೆ ಹೋದರೆ ಅಂಗಡಿಯಲ್ಲಿ ಕೂರುವವಳು ನಾನು. ಬಣ್ಣ ಬೆರೆಸುವ ಯಂತ್ರವನ್ನು ನಡೆಸುವವಳೂ ನಾನೇ. "ಕೆನೆ ಬಣ್ಣ ಬೇಕು, ಆದ್ರೆ ಹಳದಿ ಅನ್ನಿಸಬಾರದು, ಬಿಳಿ ಅಂತೂ ಅನ್ನಿಸಲೇಬಾರದು" ಎಂದು ತಲೆ ತಿನ್ನುವ ಗಿರಾಕಿಗಳನ್ನು ದಿನಾ ಸುಧಾರಿಸಿದ್ದೇನೆ. ಹಳೆಯ ಪರದೆಯ ಚೂರು ತಂದು ಇದೇ ಬಣ್ಣ ಬೇಕು ಎಂದವರಿಗೆ ಅದೇ ಬಣ್ಣ ಮಾಡಿ ಕೊಟ್ಟಿದ್ದೇನೆ. ಜಗತ್ತಿನಲ್ಲಿರುವ ಯಾವ ಬಣ್ಣವನ್ನಾದರೂ ಡಬ್ಬಿಗಿಳಿಸಬಲ್ಲೆ ಎಂಬ ಜಂಬ ನನಗಿತ್ತು.

ನಾನು ಬಂದ ಹೊಸತರಲ್ಲಿ ಮರಿ ತನ್ನ ಕೋಣೆಯ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದುಕೊಂಡಳು. ಸಂದಿಯಲ್ಲಿ ನುಸುಳಿ ಗಂಟೆಗಟ್ಟಲೆ ಕೂರುವಳು. ಏನೋ ಕದ್ದುಮುಚ್ಚಿ ಇಟ್ಟಿದ್ದಾಳೆ, ತಿಂಡಿಯೋ, ಯಾರಾದರೂ ಹುಡುಗನ ಫೋಟೋವೋ ಎಂದುಕೊಂಡು ನಾನೂ ಒಂದು ದಿನ ಹೊಟ್ಟೆ ಒಳಗೆಳೆದುಕೊಂಡು ನುಸುಳಿದೆ. ಅಲ್ಲಿದ್ದದ್ದು ತೇವದ ಒಂದು ಕಲೆ. ಅದರ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ಗೆರೆಯ ಮೇಲೆ ಗೆರೆ ಎಳೆದಿದ್ದಳು.

"ಅತ್ತಿಗೆ, ಅಪ್ಪಂಗೆ ಹೇಳ್ಬೇಡ," ಎಂದು ನನ್ನ ಕೈ ಹಿಡಿದುಕೊಂಡಳು. "ನೋಡು, ಮೊನ್ನೆ ಇಲ್ಲಿವರೆಗೆ ಬಂದಿತ್ತು. ಇವತ್ತು ಇಲ್ಲಿದೆ. ಯಾರೂ ಮುಟ್ಟದೆ ತಾನೇ ಬೆಳೀತಾ ಇದೆ!"

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಮಾವನಿಗೆ ತೇವದ ವಾಸನೆ ಮೂಗಿಗೇ ಬಡಿಯುತ್ತಿತ್ತು. ಒಂದು ಸಂಜೆ ಕೋಣೆಯ ಬಾಗಿಲಲ್ಲಿ ನಿಂತು ಮೂಗರಳಿಸಿದರು, ಬೀರು ಸರಿಸಿದರು, ಕೆರೆದು ಗಾರೆ ಮೆತ್ತಿ ಬಣ್ಣ ಬಳಿದೂ ಆಯಿತು. ಅವತ್ತು ಮರಿ ಊಟಕ್ಕೇ ಏಳಲಿಲ್ಲ. ಮಾವನಿಗೆ ತಲೆಬುಡ ಗೊತ್ತಾಗಲಿಲ್ಲ. "ಗೋಡೆ ರಿಪೇರಿ ಮಾಡಿದ್ದಕ್ಕೆ ಯಾರಾದ್ರೂ ಅಳ್ತಾರೇನಮ್ಮಾ?" ಎಂದು ನನ್ನನ್ನೇ ಕೇಳಿದರು.

ಮುಂದೆ ಅವಳು ಚಿತ್ರ ಕಲಿಯಲು ಹೋದಳು. ಕಲಿತು ಬಂದ ಮೇಲೆ ಹೂವು ಹಣ್ಣು ಬೆಟ್ಟ ಬಿಡಿಸುತ್ತಾಳೆ, ಅಂಗಡಿಯಲ್ಲಿ ಒಂದೆರಡು ತೂಗುಹಾಕಬಹುದು ಎಂದು ನಾವು ಕಾದದ್ದೇ ಬಂತು. ಕ್ಯಾನ್ವಾಸನ್ನು ಹೂಕುಂಡದ ಮಣ್ಣಿನಲ್ಲಿ ಹೂತಳು. ತಿಂಗಳುಗಳ ಮೇಲೆ ಅಗೆದು ತೆಗೆದು, ಮಣ್ಣು ಏನು ಬಿಡಿಸಿದೆ ನೋಡಿ ಎಂದಳು. ಇನ್ನೊಂದನ್ನು ಮಳೆನೀರಿನ ಕೊಳವೆಯ ಬಾಯಿಗೆ ಕಟ್ಟಿದಳು. ಮಾವ ಎರಡನ್ನೂ ಎತ್ತಿ ಹಿಡಿದು ಆಚೀಚೆ ತಿರುಗಿಸಿ, "ಬಟ್ಟೆ ಒಳ್ಳೇದಿತ್ತು" ಎಂದಷ್ಟೇ ಹೇಳಿದರು. ಮಗಳನ್ನು ಬೈಯುವ ಬಾಯಿ ಅವರದ್ದಲ್ಲ. ಆದರೆ ಅವಳ ಕೆಲಸ ನೋಡಲು ಯಾವತ್ತೂ ಹೋದವರಲ್ಲ.

ನಾನು ಸೋತದ್ದು ಉಜ್ಜುಕಾಗದದ ಮುಂದೆ. ಗೋಡೆ ನುಣುಪು ಮಾಡಲು ಉಜ್ಜಿ ಉಜ್ಜಿ ಸವೆದ ಕಾಗದಗಳನ್ನು ನಮ್ಮನೆಯವರು ಕೆಲಸದ ಜಾಗದಲ್ಲೇ ಬಿಸಾಕಿ ಬರುತ್ತಿದ್ದರು. ಮರಿ ಅವರ ದುಂಬಾಲು ಬಿದ್ದು ಅವನ್ನೆಲ್ಲ ಮನೆಗೆ ತರಿಸಿಕೊಂಡಳು. ವರ್ಷಗಟ್ಟಲೆ ಕೂಡಿಟ್ಟಳು. ಕಸ ತುಂಬಿದೆಯೆಂದು ನಾನು ದಿನಾ ರೇಗಿದೆ. ಆಮೇಲೊಮ್ಮೆ ತನ್ನ ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ದೊಡ್ಡ ಹಜಾರದ ನಡುವೆ ಸೂರಿನಿಂದ ನೆಲದವರೆಗೆ ಒಂದು ಪರದೆ ಇಳಿಬಿಟ್ಟಿತ್ತು, ಅಷ್ಟೂ ಆ ಸವೆದ ಕಾಗದಗಳೇ, ಒಂದಕ್ಕೊಂದು ಹೊಲಿದಿದ್ದಳು. ಒಂದೊಂದು ಚೂರಿನಲ್ಲೂ ಒಂದೊಂದು ಮನೆಯ ಗೋಡೆಯ ಪುಡಿ ಅಂಟಿತ್ತು. ನಾನು ಹತ್ತಿರ ಹೋದೆ. ಇದು ದಂತವೈದ್ಯರ ಮನೆಯ ತಿಳಿಹಸಿರು. ಇದು ಮೂರು ಸಲ ಬದಲಾಯಿಸಿದ ಆ ಜಗಳಗಂಟಿಯ ನೀಲಿ. ಇದು ಗಂಡ ಸತ್ತ ಮೇಲೆ ಒಂಟಿಯಾದ ಟೀಚರು ಧೈರ್ಯ ಮಾಡಿ ಕೇಳಿದ ಗುಲಾಬಿ. ಎಲ್ಲವನ್ನೂ ಬೆರೆಸಿ ಕೊಟ್ಟವಳು ನಾನು. ನನ್ನ ಅಷ್ಟು ವರ್ಷಗಳ ಬದುಕನ್ನು ಇವಳು ಕಸದಿಂದ ಎತ್ತಿ ಸೂರಿಗೆ ಕಟ್ಟಿದ್ದಳು. ನಾನು ಅಲ್ಲೇ, ಅಷ್ಟು ಜನರ ನಡುವೆ, ಸೆರಗಿನಿಂದ ಮೂಗು ಒರೆಸಿಕೊಂಡೆ. ಮನೆಗೆ ಬಂದು ಮಾವನಿಗೆ ಹೇಳಿದರೆ, "ಉಜ್ಜುಕಾಗದ ನೋಡೋಕೆ ಬಸ್ಸು ಹತ್ತಿ ಹೋಗ್ಬೇಕಾ?" ಎಂದು ನಕ್ಕುಬಿಟ್ಟರು.

ಅದನ್ನು ನಾನು ಮರಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಅವಳೂ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಪ್ಪ ಬಂದು ನಿಂತು ನೋಡೋ ಅಂಥದ್ದು ಒಂದಾದ್ರೂ ಮಾಡ್ಬೇಕು ಅತ್ತಿಗೆ" ಎಂದಳು.

ಅದಕ್ಕಾಗಿ ಅವಳು ಆರಿಸಿಕೊಂಡದ್ದು ಗೋಡೆಯನ್ನು. ಊರಿನ ಹಳೆಯ ನೂಲಿನ ಗೋದಾಮನ್ನು ರಿಪೇರಿ ಮಾಡಿಸಿ ದೊಡ್ಡದೊಂದು ಪ್ರದರ್ಶನಕ್ಕೆ ಸಿದ್ಧ ಮಾಡುತ್ತಿದ್ದರು. ಚಿತ್ರಕಾರರಿಗೆಲ್ಲ ಒಂದೊಂದು ಕೋಣೆ. ಎಲ್ಲರೂ ಬೆಳಕಿರುವ, ಒಣಗಿದ ಕೋಣೆಗಾಗಿ ಪೈಪೋಟಿ ನಡೆಸಿದರೆ ಇವಳು ಹುಡುಕಿ ಹುಡುಕಿ ತೀರ ಹಿಂದಿನ, ಯಾರಿಗೂ ಬೇಡದ ಕೋಣೆಯನ್ನು ಕೇಳಿ ಪಡೆದಳು. ಸುಣ್ಣದ ಗಾರೆಯ ಹಳೆಯ ದಪ್ಪ ಗೋಡೆ. ಆ ಗೋಡೆಯ ಬೆನ್ನಿಗೆ ಒಬ್ಬರು ಮಾತ್ರ ನಡೆಯುವಷ್ಟು ಅಗಲದ ಒಂದು ಓಣಿ, ಅದಕ್ಕೆ ಬೇರೆ ಬಾಗಿಲು, ಬೇರೆ ಬೀಗ.

ಒಂದು ಮಧ್ಯಾಹ್ನ ನನ್ನನ್ನು ಮೊದಲು ಆ ಓಣಿಗೆ ಕರೆದುಕೊಂಡು ಹೋದಳು. ಗೋಡೆಯ ಬುಡದುದ್ದಕ್ಕೂ ನಮ್ಮ ಅಂಗಡಿಯದೇ ಖಾಲಿ ಡಬ್ಬಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ನೀರು. ಒಂದರಲ್ಲಿ ತುಕ್ಕು ಹಿಡಿದ ಮೊಳೆಗಳು ನೆನೆಯುತ್ತಿದ್ದವು, ಇನ್ನೊಂದರಲ್ಲಿ ತಾಮ್ರದ ತಂತಿಯ ಚೂರು, ಮತ್ತೊಂದರಲ್ಲಿ ಉಪ್ಪು, ಮತ್ತೊಂದರಲ್ಲಿ ಕಾಡಿಗೆಯಂಥ ಮಸಿ. ಪ್ರತಿ ಡಬ್ಬದಿಂದ ಹತ್ತಿಯ ಬತ್ತಿಯೊಂದು ಎದ್ದು ಗೋಡೆಗೆ ಕೊರೆದ ಸಣ್ಣ ತೂತಿನೊಳಗೆ ಹೋಗಿತ್ತು. ಬತ್ತಿ ನೀರನ್ನು ಹೀರಿ ಗೋಡೆಗೆ ಕೊಡುತ್ತದೆ, ಗೋಡೆ ಅದನ್ನು ಕುಡಿದು ಆಚೆ ಬದಿಗೆ ಉಸಿರು ಬಿಡುತ್ತದೆ. ವರ್ಷದಿಂದ ಅವಳು ದಿನಾ ಬಂದು ಆ ಡಬ್ಬಗಳಿಗೆ ನೀರು ಹಾಕುತ್ತಿದ್ದಳಂತೆ, ಹಸುಗೂಸಿಗೆ ಹಾಲು ಕುಡಿಸುವವಳ ಹಾಗೆ.

"ನಾನು ಬಿಡಿಸೋದಿಲ್ಲ ಅತ್ತಿಗೆ. ಕೇಳ್ತೀನಿ. ಗೋಡೆ ಹೇಳುತ್ತೆ," ಎಂದಳು.

"ಗೋಡೆ ಮಾತಾಡೋ ಮಟ್ಟಕ್ಕೆ ಬಂತಾ ನಿನ್ನ ತಲೆ," ಎಂದು ಗೊಣಗಿಕೊಂಡೇ ನಾನು ಸುತ್ತಿ ಬಂದು ಮುಂದಿನ ಕೋಣೆಗೆ ಕಾಲಿಟ್ಟೆ. ಬಾಯಿ ಅಲ್ಲಿಗೇ ನಿಂತಿತು.

ಇಡೀ ಗೋಡೆ ಬುಡದಿಂದ ಸೂರಿನವರೆಗೆ ಬಣ್ಣವಾಗಿತ್ತು. ಕೆಳಗಿನಿಂದ ತುಕ್ಕಿನ ಕೆಂಪು ಎದ್ದು, ಮೇಲೇರುತ್ತ ಕಿತ್ತಳೆಯಾಗಿ, ಇನ್ನೂ ಮೇಲೆ ಹೋಗಿ ಬರೀ ಬಿಸಿಯ ಹಾಗೆ ತೆಳುವಾಗಿ ಮುಗಿದಿತ್ತು. ನಡುವೆ ತಾಮ್ರದ ಹಸಿರು. ಎರಡೂ ಸೇರುವ ಅಂಚಿನಲ್ಲಿ ಉಪ್ಪು ಅರಳಿ ನವಿರಾದ ಬಿಳಿ ರೋಮವಾಗಿ ನಿಂತಿತ್ತು, ಬಾಗಿಲು ತೆರೆದ ಗಾಳಿಗೆ ಅದು ಮೆಲ್ಲಗೆ ಅಲುಗಿತು. ಗೋಡೆ ಜೀವಂತವಾಗಿತ್ತು. ಬೇರೆ ಮಾತು ನನಗೆ ಸಿಗುವುದಿಲ್ಲ. ನನ್ನ ಯಂತ್ರದಲ್ಲಿ ಬೆರೆಸಲಾಗದ ಬಣ್ಣ ಎಂಬುದೊಂದು ಇದೆ ಎಂದು ನನಗೆ ಗೊತ್ತಾದದ್ದು ಅಲ್ಲಿ, ಈ ವಯಸ್ಸಿನಲ್ಲಿ. ಕೈ ತಾನಾಗಿ ಮುಂದೆ ಹೋಯಿತು, ಮುಟ್ಟುವ ಧೈರ್ಯ ಸಾಲದೆ ಹಿಂದೆ ಬಂತು.

"ಮಾವನಿಗೆ ತೋರಿಸಿದ್ಯಾ?" ಎಂದೆ.

"ಈಗಲೇ ತೋರಿಸಿದ್ರೆ ಅಲಗು ಹಿಡ್ಕೊಂಡು ಕೆರೆಯೋಕೆ ಬರ್ತಾರೆ," ಎಂದು ನಕ್ಕಳು. "ಪ್ರದರ್ಶನ ಶುರುವಾದ ದಿನ, ಜನ ಎಲ್ಲ ನಿಂತು ನೋಡ್ತಾ ಇರುವಾಗ ಕರ್ಕೊಂಡು ಬರ್ತೀನಿ. ಆಗ ನಿಂತು ನೋಡಲೇಬೇಕು. ಅಲ್ಲಿವರೆಗೆ ನಿನ್ನ ಬಾಯಿಗೆ ಬೀಗ."

ಬೀಗ ಹಾಕಿಕೊಂಡೆ. ಪ್ರದರ್ಶನಕ್ಕೆ ಇನ್ನು ಕೆಲವೇ ವಾರಗಳಿರುವಾಗ, ಆ ಓಣಿಯ ತಂಪಿನಲ್ಲಿ ಕೂತೂ ಕೂತೂ ಮರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ಅಂಗಡಿಗೆ ಬಾಗಿಲು ಹಾಕಿ ಅವಳ ಮಂಚದ ಪಕ್ಕ ಕೂತೆ. ಜ್ವರದಲ್ಲೂ ಅವಳಿಗೆ ಬಟ್ಟೆಚೀಲದ ಚಿಂತೆ, ಅದು ಗೋದಾಮಿನ ಕೋಣೆಯಲ್ಲೇ ಉಳಿದಿತ್ತು. ನಮ್ಮನೆಯವರಿಗೆ ಕೋಣೆಯ ಕೀಲಿ ಕೊಟ್ಟು, ತಂದುಕೊಡಿ ಅಂದಳು. ಅವರು ಹೋಗುವಾಗ ನಮಗೆ ತಿಳಿಯದೆ ಮಾವನೂ ಜೊತೆಗೆ ಹೊರಟರು, ಮಗಳು ಎಂಥ ಜಾಗದಲ್ಲಿ ಕೆಲಸ ಮಾಡಿ ಜ್ವರ ತರಿಸಿಕೊಂಡಳೋ ನೋಡುವ ಎಂದು.

ಮುಂದೆ ಆದದ್ದು ಪ್ರಪಂಚದ ಬೇರೆ ಯಾವ ಮನೆಯಲ್ಲೂ ಆಗಲು ಸಾಧ್ಯವಿಲ್ಲ. ಬೇರೆ ಯಾರೇ ಆಗಿದ್ದರೂ ಚೀಲ ಎತ್ತಿಕೊಂಡು ಬಂದುಬಿಡುತ್ತಿದ್ದರು. ಹೋದದ್ದು ತಲೆಮಾರುಗಳಿಂದ ಗೋಡೆ ಬಳಿದುಕೊಂಡು ಬಂದ ವಂಶದ ಅಪ್ಪ ಮತ್ತು ಮಗ. ಅವರಿಗೆ ಕಂಡದ್ದು ಒಂದೇ, ಬುಡದಿಂದ ಸೂರಿನವರೆಗೆ ತೇವ ತಿಂದು ಹಾಕಿದ ಗೋಡೆ. ಅಯ್ಯೋ ಪಾಪ, ಮರಿಗೆ ಇಂಥ ಕೊಳೆತ ಕೋಣೆಯನ್ನು ಗಂಟು ಹಾಕಿದ್ದಾರೆ, ಇನ್ನು ಅವಳು ಚಿತ್ರ ತೂಗುಹಾಕುವುದೆಲ್ಲಿ, ಮಲಗಿದ ಜಾಗದಿಂದ ಎದ್ದು ಇದನ್ನು ಸರಿಮಾಡುವುದು ಯಾವಾಗ. ನಾವು ಇದ್ದೂ ಏನು ಪ್ರಯೋಜನ ಎಂದುಕೊಂಡರು. ಮರುದಿನ ಬೆಳಗ್ಗೆಯೇ ಸಾಮಾನು ಸಮೇತ ಹೋದರು. ಏಣಿ ಹೊತ್ತವನನ್ನು ಯಾವ ಕಾವಲುಗಾರನೂ ತಡೆಯುವುದಿಲ್ಲ.

ನನಗೆ ಇದರ ಸುಳಿವೇ ಇರಲಿಲ್ಲ. ಮರಿಯ ಜ್ವರ ಇಳಿದು ಅವಳು ದಿಂಬಿಗೆ ಒರಗಿ ಕೂತ ದಿನ ಮಾವ ಬಂದರು. ಹೊಸ ಬಣ್ಣದ ವಾಸನೆ ಅವರಿಗಿಂತ ಮೊದಲೇ ಒಳಗೆ ಬಂತು. ಮುಖದಲ್ಲಿ ಅಷ್ಟೊಂದು ಸಂತೋಷವನ್ನು ನಾನು ಕಂಡೇ ಇರಲಿಲ್ಲ.

"ಮರಿ, ನಿನ್ನ ರೂಮು ರೆಡಿ," ಎಂದರು. "ಏನೂ ಯೋಚ್ನೆ ಮಾಡ್ಬೇಡ. ಏನು ಗತಿಯಾಗಿತ್ತು ಆ ಗೋಡೆಗೆ! ಎಲ್ಲ ಕೆರೆದು, ತೇವ ತಡೆಯೋ ಸೀಲರು ಹಾಕಿ, ಪುಟ್ಟಿ ಎಳೆದು, ಮೇಲೆ ಮೂರು ಕೋಟು ಬಿಳಿ. ನಿನ್ನಣ್ಣ ತಾನು ಮಾಡ್ತೀನಿ ಅಂದ. ನಾನು ಬಿಡಲಿಲ್ಲ. ಬಳಿದದ್ದೆಲ್ಲ ನಾನೇ. ನೀನು ಇಷ್ಟು ವರ್ಷ ಚಿತ್ರ ಮಾಡಿದೆ, ನಾನು ಒಂದಕ್ಕೂ ಕೈ ಹಾಕಿದವನಲ್ಲ. ತೂಗುಹಾಕೋಕೆ ಒಂದು ಒಳ್ಳೆ ಗೋಡೆನಾದ್ರೂ ಕೊಡೋಣ ಅನ್ನಿಸ್ತು."

ಮರಿಯ ಕಡೆ ನೋಡಲು ಧೈರ್ಯ ಬರಲಿಲ್ಲ, ಆದರೂ ನೋಡಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಕೈ ಚಾಚಿ ಮಾವನ ಕೈ ಹಿಡಿದುಕೊಂಡಳು. ಆ ಕೈ ನಡುಗುತ್ತಿತ್ತು, ಈಚಿನ ವರ್ಷಗಳಲ್ಲಿ ಅದು ಸದಾ ನಡುಗುತ್ತದೆ.

"ಸುಸ್ತಾಯ್ತಾ ಅಪ್ಪ?" ಎಂದಳು.

"ಇಲ್ಲ ಬಿಡು," ಎಂದರು ಮಾವ. "ಕೊನೇ ಕೋಟು ಬಳಿಯುವಾಗ ಕೈ ಸ್ವಲ್ಪ ಹೇಳಿದ ಮಾತು ಕೇಳಲಿಲ್ಲ. ಅಷ್ಟೇ."

ನಾನು ನಮ್ಮನೆಯವರನ್ನು ಹೊರಗೆ ಎಳೆದುಕೊಂಡು ಹೋಗಿ ಆಸ್ಪತ್ರೆಯ ಮೊಗಸಾಲೆ ಎಂಬುದನ್ನೂ ಮರೆತು ಹಿಗ್ಗಾಮುಗ್ಗಾ ಬೈದೆ. ಪಿತ್ತ ನೆತ್ತಿಗೇರಿತ್ತು. ಅವರಿಗೆ ಮೊದಲು ಏನೊಂದೂ ತಿಳಿಯಲಿಲ್ಲ. ತಿಳಿದ ಮೇಲೆ, "ಹಾಗಾದ್ರೆ ಆ ಗೋಡೆನೇ ಚಿತ್ರನಾ?" ಎಂದು ಕೇಳಿ, ಎದುರಿಗಿದ್ದ ಬೆಂಚಿನ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತು ಕೂತರು. ಕೂತವರನ್ನು ಎಷ್ಟೆಂದು ಬೈಯುವುದು. ಮರಿ ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡಳು, ಅಪ್ಪನಿಗೆ ಇದು ಗೊತ್ತಾಗಕೂಡದು.

ಆಸ್ಪತ್ರೆಯಿಂದ ಬಿಟ್ಟ ದಿನ ನೇರವಾಗಿ ಗೋದಾಮಿಗೇ ಹೋದೆವು. ಒಂದು ವರ್ಷದ ಕೆಲಸ ನಿಂತಿದ್ದ ಜಾಗದಲ್ಲಿ ಬಿಳಿ ಗೋಡೆ. ಬೈಯಲೆಂದೇ ಬಂದ ನಾನು ಬಾಯಿ ಮುಚ್ಚಿಕೊಂಡೆ, ಯಾಕೆಂದರೆ ಅಂಥ ಗೋಡೆಯನ್ನು ಮಾವ ಇಡೀ ಬದುಕಿನಲ್ಲಿ ಬಳಿದಿರಲಿಲ್ಲ. ಮರಿ ಅದರ ಹತ್ತಿರ ಹೋಗಿ ಕೆನ್ನೆ ಒತ್ತಿ ನಿಂತಳು. ಬೆನ್ನು ಮಾತ್ರ ಅಲುಗುತ್ತಿತ್ತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತೆ.

ಪ್ರದರ್ಶನದ ಉಸ್ತುವಾರಿಯ ಮೇಡಂ ಬಂದರು. ಅವರಿಗೆ ಆಗಲೇ ವಿಷಯ ತಿಳಿದಿತ್ತು. "ಹಿಂದಿನ ಡಬ್ಬಗಳು ಹಾಗೇ ಇವೆಯಲ್ಲ," ಎಂದರು. "ಇವತ್ತಿನಿಂದ ನೀರು ಹಾಕಿ. ಎಂಥ ಬಣ್ಣ ಇದ್ರೂ ಭೇದಿಸಿಕೊಂಡು ಬರುತ್ತೆ. ಶುರುವಾಗೋ ದಿನಕ್ಕೆ ಆಗದಿದ್ರೂ ಮುಗಿಯೋದ್ರೊಳಗೆ ನಿಮ್ಮ ಚಿತ್ರ ನಿಮಗೆ ವಾಪಸ್ಸು."

ಮರಿ ಓಣಿಗೆ ಹೋದಳು. ಡಬ್ಬಗಳು ಒಣಗಿದ್ದವು. ಮೂಲೆಯಲ್ಲಿ ಬಕೆಟ್ಟು, ಹೊರಗೆ ನಲ್ಲಿ. ಅವಳು ಬಕೆಟ್ಟನ್ನು ಎತ್ತಿದಳು, ಮತ್ತೆ ಅಲ್ಲೇ ಇಟ್ಟಳು.

"ನೀರು ಹಾಕಿದ್ರೆ ನನ್ನ ಚಿತ್ರ ಬರುತ್ತೆ ಅತ್ತಿಗೆ," ಎಂದಳು ಕೊನೆಗೆ. "ಅಪ್ಪ ಬಳಿದ ಗೋಡೆ ಒಡೆದುಹೋಗುತ್ತೆ. ಅದೂ ಜನರ ಕಣ್ಣೆದುರಿಗೆ. ಬದುಕೆಲ್ಲ ಅವರು ಹೆದರಿದ್ದು ಇದೊಂದಕ್ಕೇ. ಅದನ್ನ ನನ್ನ ಕೈಯಾರೆ ಮಾಡಲಾ?"

ಓಣಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗಿಟ್ಟಳು. "ನಿನ್ನ ಹತ್ರ ಇರ್ಲಿ. ನನ್ನ ಹತ್ರ ಇದ್ರೆ ಮನಸ್ಸು ತಡೆಯಲ್ಲ."

ಪ್ರದರ್ಶನದ ದಿನ ಅವಳ ಕೋಣೆಯಲ್ಲಿ ಇದ್ದದ್ದು ಆ ಬಿಳಿ ಗೋಡೆ, ಅದರ ಒಂದು ತುದಿಯಲ್ಲಿ ಗೋಡೆಗೆ ತೀರ ಒತ್ತಿ ನಿಲ್ಲಿಸಿದ ಒಂದು ದೀಪ, ಅಷ್ಟೇ. ಪಕ್ಕದಲ್ಲಿ ಸಣ್ಣ ಚೀಟಿ: ಅಪ್ಪ ಬಳಿದದ್ದು. ಎದುರಿನಿಂದ ನೋಡಿದರೆ ಏನೂ ಇಲ್ಲ. ದೀಪದ ಕಡೆಯಿಂದ ನೋಡಿದಾಗ ನನ್ನ ಮೈ ಜುಮ್ಮೆಂದಿತು. ಅಡ್ಡ ಬೆಳಕಿಗೆ ಗೋಡೆಯ ಮೇಲಿನ ಕೂದಲೆಳೆಯ ಏರಿಳಿತವೂ ಎದ್ದು ನಿಂತಿತ್ತು. ತೋಳು ಬೀಸಿದ ಒಂದೊಂದು ಬೀಸು, ಎಲ್ಲಿ ಬ್ರಷ್ಷು ಅದ್ದಿದರು, ಎಲ್ಲಿ ಉಸಿರು ತೆಗೆದುಕೊಂಡರು, ಎಲ್ಲಿ ಕೈ ನಡುಗಿತು, ಆ ನಡುಕವನ್ನು ಮುಚ್ಚಲು ಎಲ್ಲಿ ಮತ್ತೆ ಮತ್ತೆ ಬಳಿದರು, ಎಲ್ಲವೂ. ಯಾರಿಗೂ ಯಾವತ್ತೂ ಗುರುತು ಸಿಗದಂತೆ ಬಳಿದ ಮನುಷ್ಯ ಅಲ್ಲಿ ಪೂರ್ತಿಯಾಗಿ ಕಾಣಿಸುತ್ತಿದ್ದರು.

ಮಾವ ಒಗೆದ ಅಂಗಿ ತೊಟ್ಟು ಬಂದರು. ಒಳಗೆ ಬಂದು ಸುತ್ತಲೂ ನೋಡಿ, "ಚಿತ್ರ ಎಲ್ಲಿ ಮರಿ? ಇನ್ನೂ ತೂಗುಹಾಕಿಲ್ವಾ?" ಎಂದರು.

"ಇದೇ ಅಪ್ಪ. ನಿಮ್ಮ ಗೋಡೆನೇ."

ಅವರು ದೀಪದ ಪಕ್ಕಕ್ಕೆ ಬಂದು ನಿಂತರು. ಮುಖ ಕೆಂಪಾಯಿತು. "ದೀಪ ಹೀಗಿಟ್ರೆ ಯಾರ ಬಂಡವಾಳನೂ ಬಯಲಾಗುತ್ತೆ," ಎಂದು ಗೊಣಗಿದರು. ಆದರೆ ಹೋಗಲಿಲ್ಲ. ಮರುದಿನ ಮತ್ತೆ ಬಂದರು. ಆಮೇಲೆ ದಿನಾ ಬಂದು ಗೋಡೆಯ ಎದುರು ಕುರ್ಚಿ ಹಾಕಿಕೊಂಡು, ಬಂದವರಿಗೆ ದೀಪದ ಕಡೆಯಿಂದ ನೋಡಿ ಎಂದು ತೋರಿಸತೊಡಗಿದರು. ಮರಿಗೆ ಡಾಕ್ಟರು ಆ ತಂಪಿಗೆ ಹೋಗಬೇಡ ಎಂದಿದ್ದರು, ಅವಳು ಮನೆಯಲ್ಲೇ ಉಳಿದಳು. ಅಪ್ಪ ಸಂಜೆ ಬಂದು ಇವತ್ತು ಯಾರ್ಯಾರು ಬಂದಿದ್ದರು ಎಂದು ಹೇಳುವಾಗ ನಗುನಗುತ್ತ ಕೇಳುವಳು. ಅವರು ಎದ್ದುಹೋದ ಮೇಲೆ ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂರುವಳು. ತುಕ್ಕಿನ ಕೆಂಪು ಇನ್ನೂ ಉಗುರಿನ ಸಂದಿಯಲ್ಲಿತ್ತು. ಅಪ್ಪನಿಗೆ ತೋರಿಸಲೆಂದೇ ಮಾಡಿದ ಚಿತ್ರ, ಅದನ್ನು ಅಪ್ಪನಿಂದಲೇ ಬಚ್ಚಿಡಬೇಕಾಯಿತಲ್ಲ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಬಣ್ಣ ಬೆರೆಸುತ್ತಿದ್ದೆ. ಮಾವ ಬಂದು, ಗಿರಾಕಿ ಹೋಗುವವರೆಗೆ ಸುಮ್ಮನೆ ನಿಂತು, ಆಮೇಲೆ ದನಿ ತಗ್ಗಿಸಿದರು.

"ತೇವ ಬಂದಿದೆ ಅಮ್ಮಾ."

"ಎಲ್ಲಿ?" ಎಂದೆ, ಗೊತ್ತಿದ್ದೂ.

"ಬುಡದಲ್ಲಿ, ಎಡಗಡೆ. ಒಂದು ಕಾಸಿನಗಲ. ನಾನು ಹಾಕಿದ ಸೀಲರಿಗೆ ತೇವ ಬರೋ ಮಾತೇ ಇಲ್ಲ. ಬಂದಿದೆ." ಅವರ ಮುಖ ನೋಡಲಾಗಲಿಲ್ಲ. "ಅವಳು ನನ್ನ ಗೋಡೆನ ನಂಬಿಕೊಂಡು ಜನರಿಗೆ ತೋರಿಸ್ತಾ ಇದಾಳೆ. ಅವಳ ಮರ್ಯಾದೆ ಈಗ ನನ್ನ ಕೈಲಿದೆ. ಅವಳಿಗೆ ಗೊತ್ತಾಗೋಕೆ ಮುಂಚೆ ಸರಿ ಮಾಡ್ಬೇಕು. ಹಿಂದೆ ಎಲ್ಲೋ ನೀರು ಸೋರ್ತಾ ಇದೆ. ಅಲ್ಲೊಂದು ಬಾಗಿಲಿದೆ, ಬೀಗ ಹಾಕಿದೆ. ಕೀಲಿ ಯಾರ ಹತ್ರ ಇದೆ ಅಂತ ವಿಚಾರಿಸ್ತೀಯಾ?"

ಮರಿ ಒಂದು ಹನಿ ಹಾಕಿರಲಿಲ್ಲ. ವರ್ಷವಿಡೀ ಕುಡಿದದ್ದನ್ನು ಗೋಡೆ ಮರೆತಿರಲಿಲ್ಲ, ಅಷ್ಟೇ. ಕೀಲಿ ನನ್ನ ಕೊರಳಿನ ದಾರದಲ್ಲೇ ಇತ್ತು. ಕೊಟ್ಟ ಮಾತೂ ನೆನಪಿತ್ತು. ಆದರೆ ಈ ಮುದುಕ ಇಂದು ಕೆರೆಯುತ್ತಾರೆ, ನಾಳೆ ಮತ್ತೆ ಬರುತ್ತದೆ, ಮತ್ತೆ ಕೆರೆಯುತ್ತಾರೆ; ತನ್ನ ಕೈ ಸೋತಿತೆಂದು ತಿಳಿದುಕೊಂಡೇ ಒಂದು ದಿನ ಕಣ್ಣು ಮುಚ್ಚುತ್ತಾರೆ. ಅವಳು ಅಂಗೈ ನೋಡಿಕೊಂಡು ಕೂರುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತ ಕಾಪಾಡುತ್ತ ಹಾಳಾಗುವುದನ್ನು ನೋಡಿಕೊಂಡು ನಾನು ಬಣ್ಣ ಮಾರಿಕೊಂಡಿರಬೇಕೇ? ಅಂಗಡಿಗೆ ಬಾಗಿಲು ಎಳೆದೆ.

"ಬನ್ನಿ ಮಾವ," ಎಂದೆ. "ಕೀಲಿ ನನ್ನ ಹತ್ರಾನೇ ಇದೆ."

ಓಣಿಯ ಬಾಗಿಲು ತೆಗೆದಾಗ ಮೇಲಿನ ಕಿಂಡಿಯ ಬೆಳಕು ಡಬ್ಬಗಳ ಮೇಲೆ ಬಿದ್ದಿತ್ತು. ಮಾವ ಹೊಸ್ತಿಲಲ್ಲೇ ನಿಂತರು. ಆಮೇಲೆ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಒಂದು ಬತ್ತಿಯನ್ನು ಬೆರಳಲ್ಲಿ ಹಿಡಿದು, ಅದು ಗೋಡೆಯೊಳಗೆ ಹೋಗುವವರೆಗೂ ಸವರಿದರು. ತುಕ್ಕಿನ ಮೊಳೆ ಎತ್ತಿ ನೋಡಿದರು. ತಾಮ್ರದ ಚೂರನ್ನು ಮೂಸಿದರು. ಒಂದು ಡಬ್ಬದಿಂದ ಇನ್ನೊಂದಕ್ಕೆ ಕೂತಲ್ಲೇ ಸರಿಯುತ್ತ ಓಣಿಯ ಕೊನೆಯವರೆಗೂ ಹೋದರು.

"ಇದು ಸೋರಿಕೆ ಅಲ್ಲ," ಎಂದರು.

"ಅಲ್ಲ ಮಾವ."

"ಬೇಕಂತಲೇ ಕುಡಿಸಿದ್ದು."

"ಹೌದು."

"ಮರಿ?"

ನಾನು ತಲೆಯಾಡಿಸಿದೆ. ಅವರು ನೆಲದ ಮೇಲೆ ಪೂರ್ತಿ ಕೂತುಬಿಟ್ಟರು. ನನಗೆ ಹೆದರಿಕೆಯೇ ಆಯಿತು.

"ನಾನು ಕೆರೆದೆ ಅಮ್ಮಾ," ಎಂದರು ಆಮೇಲೆ. "ನಡುವೆ ಒಂದು ಕಡೆ ಹಸಿರಿತ್ತು. ಅದರ ಅಂಚಿಗೆ ಬಿಳಿ ಅರಳಿತ್ತು. ಅಲಗು ಇಡೋಕೆ ಮುಂಚೆ ಒಂದು ಗಳಿಗೆ ಕೈ ನಿಂತಿತು. ಎಷ್ಟು ಚೆನ್ನಾಗಿದೆ ಅಂತ ಅನ್ನಿಸ್ತು. ತೇವದ ಬಗ್ಗೆ ಹಾಗನ್ನಿಸಿದ್ದಕ್ಕೆ ನನಗೇ ನಾಚಿಕೆಯಾಗಿ, ಇನ್ನೂ ಜೋರಾಗಿ ಕೆರೆದೆ."

ಅಷ್ಟು ವರ್ಷ ಮರಿ 'ಅಪ್ಪ ನಿಂತು ನೋಡಬೇಕು' ಎಂದು ಹಂಬಲಿಸಿದ್ದು ಆಗಿಹೋಗಿತ್ತು, ಅವಳಿಗೇ ಗೊತ್ತಿರಲಿಲ್ಲ.

ಮಾವ ಹತ್ತಿರದ ಡಬ್ಬವನ್ನು ಅಲುಗಿಸಿದರು. ಮೊಳೆಗಳು ಒಣ ಸದ್ದು ಮಾಡಿದವು. "ಇದೆಲ್ಲ ಯಾಕೆ ಒಣಗಿದೆ?"

"ನಿಮ್ಮ ಗೋಡೆ ಕೆಡಬಾರದು ಅಂತ ನೀರು ಹಾಕೋದು ನಿಲ್ಲಿಸಿದಾಳೆ."

ಅವರು ಗೋಡೆಗೆ ಕೈಕೊಟ್ಟು ಎದ್ದರು. ತಂದಿದ್ದ ಅಲಗನ್ನು ಚೀಲದಿಂದ ತೆಗೆದು ಕಿಂಡಿಯ ಅಂಚಿನ ಮೇಲಿಟ್ಟರು. ಮೂಲೆಯ ಬಕೆಟ್ಟನ್ನು ಎತ್ತಿಕೊಂಡರು.

"ನಲ್ಲಿ ಎಲ್ಲಿದೆ?" ಎಂದರು.

ಅಂದಿನಿಂದ ಮಾವ ಮನೆಯಲ್ಲಿ, "ನೀನು ಬಿಸಿಲಲ್ಲಿ ಕೂತಿರು ಮರಿ, ಗೋಡೆನ ನಾನು ನೋಡ್ಕೋತೀನಿ" ಎಂದು ಹೇಳಿ ಹೊರಡುವರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ, ಬಣ್ಣ ಪೂರ್ತಿ ಏಳುವ ಮೊದಲೇ ಅವಳು ಎದ್ದು ಬಂದು ನಿಲ್ಲಿಸಿಬಿಡದ ಹಾಗೆ. ಗೋಡೆ ಕುಡಿಯಿತು. ಮೊದಲು ಬುಡದಲ್ಲಿ ಅಲ್ಲಲ್ಲಿ ಕಂದು ಮೂಡಿತು. ಆಮೇಲೆ ಏನಾಯಿತೋ ಅದನ್ನು ನಾವ್ಯಾರೂ ನೆನೆಸಿರಲಿಲ್ಲ. ಬಣ್ಣ ಹಳೆಯ ದಾರಿಯಲ್ಲಿ ಬರಲಿಲ್ಲ. ಮಾವನ ಕೈ ಗಟ್ಟಿಯಾಗಿ ಒತ್ತಿದ ಕಡೆ ಬಿಳಿ ತಡೆದು ನಿಂತಿತು. ಬ್ರಷ್ಷು ಒಣಗುತ್ತ ಬಂದ ಕಡೆ, ಕೈ ನಡುಗಿದ ಕಡೆ, ಅಲ್ಲಿ ಮಾತ್ರ ಬಿಟ್ಟುಕೊಟ್ಟಿತು. ತುಕ್ಕಿನ ಕೆಂಪು ಅವರ ತೋಳಿನ ಬೀಸಿನಲ್ಲೇ ಬೀಸಿಕೊಂಡು ಎದ್ದಿತು, ಹಸಿರು ಆ ನಡುಕದ ಮೇಲೆಯೇ ನಡುಗುತ್ತ ಹೋಯಿತು, ಅಂಚಿನಲ್ಲಿ ಉಪ್ಪು ಮತ್ತೆ ಅರಳಿತು. ಒಬ್ಬ ಮನುಷ್ಯನ ಇಡೀ ಶ್ರಮ ಗೋಡೆಯೊಳಗಿನಿಂದ ಬಣ್ಣವಾಗಿ ಎದ್ದು ಬಂದಿತ್ತು. ಬಂದ ಜನ ಮಾತಾಡುತ್ತಲೇ ಒಳಗೆ ಬಂದು, ಮಾತು ನಿಲ್ಲಿಸಿ ನಿಲ್ಲುತ್ತಿದ್ದರು. ಮೊದಲಿನ ಗೋಡೆಯನ್ನು ನೋಡಿ ಬೆರಗಾದವಳು ನಾನು. ಇದರ ಮುಂದೆ ಮಾವನ ಕುರ್ಚಿಯನ್ನೇ ಎಳೆದುಕೊಂಡು ಕೂತುಬಿಟ್ಟೆ.

ಪ್ರದರ್ಶನದ ಕೊನೆಯ ದಿನ ಮರಿ ಯಾರ ಮಾತೂ ಕೇಳದೆ ಹೊರಟು ನಿಂತಳು. ಕೋಣೆಯ ಬಾಗಿಲಿಗೆ ಬಂದು ಅವಳು ಗೋಡೆ ನೋಡಿದಳು. ಚೌಕಟ್ಟು ಹಿಡಿದುಕೊಂಡು ನಿಂತಳು. ನಡುವಿನ ಹಸಿರಿನ ಬಳಿ ಹೋಗಿ, ಗಾಳಿಯಲ್ಲೇ ಕೈಯಾಡಿಸುತ್ತ ಅಪ್ಪನ ಬೀಸನ್ನು ಹಿಂಬಾಲಿಸಿದಳು. ಮರುಕ್ಷಣ ಥಟ್ಟನೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಭಯವಿತ್ತು.

"ಅಪ್ಪ ಇದನ್ನ ನೋಡಿದ್ರಾ? ಎಲ್ಲಿ ಅಪ್ಪ?"

ನಾನು ಓಣಿಯ ಕಡೆ ಕೈ ತೋರಿಸಿದೆ. ಅವಳು ಓಡಿದಳು, ಹಿಂದೆ ನಾನೂ.

ಮಾವ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಮಗ್ಗು. ಕೈ ನಡುಗಿ ಅರ್ಧ ನೀರು ನೆಲಕ್ಕೆ ಚೆಲ್ಲುತ್ತಿತ್ತು. ಮಗಳನ್ನು ಕಂಡು ಗಾಬರಿಯಾಗಿ ಮಗ್ಗನ್ನು ಕೆಳಗಿಡಲು ನೋಡಿದರು, ಜಾಗ ಸಿಗದೆ ಹಾಗೇ ಹಿಡಿದುಕೊಂಡರು.

"ಈ ಕೊನೇ ಡಬ್ಬ ಬೇಗ ಕುಡಿಯುತ್ತೆ ಮರಿ," ಎಂದರು. "ಅದಕ್ಕೆ ಸ್ವಲ್ಪ ಜಾಸ್ತಿ ಹಾಕ್ತಾ ಇದೀನಿ. ತಪ್ಪಾ?"

ಮರಿ ಅವರ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತಳು, ಡಾಕ್ಟರ ಮಾತು ಗಾಳಿಗೆ ಹೋಯಿತು. ಮಗ್ಗು ಹಿಡಿದ ಆ ಕೈಯ ಕೆಳಗೆ ತನ್ನ ಕೈ ಕೊಟ್ಟಳು. ನೀರು ಚೆಲ್ಲದೆ ಡಬ್ಬಕ್ಕೆ ಬಿತ್ತು. ಇಬ್ಬರೂ ಮುಂದಿನ ಡಬ್ಬಕ್ಕೆ ಸರಿದರು. ಬಕೆಟ್ಟು ಖಾಲಿಯಾಗಿತ್ತು, ನಾನು ಎತ್ತಿಕೊಂಡು ನಲ್ಲಿಗೆ ಹೋದೆ.